ಮೂರು ಗಾಲಿಯ ಬಂಡಿ ಕೊಳ್ಳುವ ಮುನ್ನ

ಈ ಪುಟಗಳಲ್ಲಿ ಶರಣರ ವಿಚಾರವನ್ನು ಬರೆಯುತ್ತ ಬಂದಿರುವ ನಾನು ಈ ಸಲ ಒಂದು ಹಳೆಯ ಸ್ಕೂಟರಿನ ವಿಷಯ ಬರೆಯಹೊರಟಿರುವುದನ್ನು ಕಂಡು ಓದುಗ ಬಂಧುಗಳು ಹುಬ್ಬೇರಿಸಬಹುದು. ಮಠದಲ್ಲಿ ಹನ್ನೆರಡು ವರ್ಷ ಓದಿದ ನನಗೆ ಯಂತ್ರಗಳ ಶಾಸ್ತ್ರವನ್ನು ಯಾರೂ ಕಲಿಸಲಿಲ್ಲ. ಆದರೂ ಕಳೆದ ಮಾಘ ಮಾಸದಲ್ಲಿ ನಮ್ಮ ಮನೆತನದಲ್ಲಿ ನಡೆದ ಒಂದು ಪ್ರಸಂಗವು ಬೇರೆ ಗೃಹಸ್ಥರಿಗೂ ಉಪಯೋಗಕ್ಕೆ ಬಂದೀತೆಂದು ತೋರಿದ್ದರಿಂದ ಲೇಖನಿ ಹಿಡಿದಿದ್ದೇನೆ.

ನನ್ನ ಅಕ್ಕನ ಮನೆ ಸೊರಬ ತಾಲೂಕಿನ ಆನವಟ್ಟಿ ಕಡೆಯ ಒಂದು ಹಳ್ಳಿಯಲ್ಲಿದೆ. ಅವಳ ಮಗ ಪ್ರೌಢಶಾಲೆಯ ಉಪಾಧ್ಯಾಯ. ಎರಡು ವರ್ಷದ ಕೂಸಾಗಿದ್ದಾಗ ಬಂದ ಪೋಲಿಯೊ ಅವನ ಬಲಗಾಲಿನ ಶಕ್ತಿಯನ್ನು ಕಸಿದುಕೊಂಡಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಆರಂಭವಾದದ್ದು 1995ರಲ್ಲಿ. ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ದೇಶವು ಪೋಲಿಯೊಮುಕ್ತವೆಂದು ಘೋಷಿತವಾದದ್ದು 2014ರ ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಅವನಂಥವರು ಊರೂರಿನಲ್ಲಿ ಇದ್ದಾರೆ. ಹುಡುಗನಾಗಿದ್ದಾಗ ಕೈಯಿಂದ ತಿರುಗಿಸುವ ತ್ರಿಚಕ್ರದಲ್ಲಿ ಶಾಲೆಗೆ ಹೋದನು. ಉಪಾಧ್ಯಾಯನಾದ ಮೇಲೆ ಬಸ್ಸು. ಬಸ್ಸು ತಪ್ಪಿದರೆ ಯಾರಾದರೂ ಸಹೋದ್ಯೋಗಿಯ ಬೈಕಿನ ಹಿಂದಿನ ಸೀಟು.

ಹೀಗಿರುವಾಗ ನಮ್ಮ ಶಿಕಾರಿಪುರದಲ್ಲಿ ಪಕ್ಕದ ಗಾಲಿಗಳನ್ನು ಜೋಡಿಸಿದ ಒಂದು ಸ್ಕೂಟರು ಮಾರಾಟಕ್ಕಿದೆಯೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಅದನ್ನು ಬಳಸುತ್ತಿದ್ದ ಮಹನೀಯರು ಎಂಟು ತಿಂಗಳ ಹಿಂದೆ ಲಿಂಗೈಕ್ಯರಾಗಿದ್ದರು. ಒಂದು ಭಾನುವಾರ ಬೆಳಿಗ್ಗೆಯೇ ಶಿರಾಳಕೊಪ್ಪದ ಮಾರ್ಗವಾಗಿ ಬಂದಿಳಿದು, "ಮಾವಾ, ನೀವೂ ಬನ್ನಿ, ನೋಡಿ ಬರೋಣ" ಎಂದನು.

ನನ್ನ ಮೊದಲ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಬೇಡ ಎಂಬುದೇ ಅದಾಗಿತ್ತು. "ಐವತ್ತರ ಹತ್ತಿರ ಬಂದಿದ್ದೀಯೆ. ಅಕ್ಕನನ್ನು ಉಡುತಡಿಗೆ, ಬಳ್ಳಿಗಾವಿಗೆ ಕರೆದೊಯ್ಯಬೇಕೆಂಬ ಆಸೆಯಿದ್ದರೆ ಒಂದು ದಿನಕ್ಕೆ ಬಾಡಿಗೆಯ ಕಾರು ಗೊತ್ತುಮಾಡೋಣ. ಈ ಮಳೆಯ ಸೀಮೆಯಲ್ಲಿ ಹಳೆಯ ಬಂಡಿ ಕಟ್ಟಿಕೊಂಡು ಏಕೆ ಒದ್ದಾಡುತ್ತೀ?" ಎಂದೆ. ಅವನು ಚಹದ ಲೋಟವನ್ನು ಕೆಳಗಿಟ್ಟು, "ಕಾರು ತರಿಸಿದರೆ ನಾನು ಹೋದ ಹಾಗಾಗುವುದಿಲ್ಲ ಮಾವಾ, ನನ್ನನ್ನು ಒಯ್ದ ಹಾಗಾಗುತ್ತದೆ" ಎಂದನು. ಜಂಗಮ ಎಂಬ ಶಬ್ದಕ್ಕೆ ಚಲಿಸುವುದು ಎಂಬ ಅರ್ಥವಿದೆಯೆಂದು ನಲವತ್ತು ವರ್ಷ ವೇದಿಕೆಗಳ ಮೇಲೆ ವಿವರಿಸಿದವನು ನಾನು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೆಗಲ ಮೇಲೆ ಶಲ್ಯ ಹಾಕಿಕೊಂಡು ಹೊರಟೆ.

ಇಲ್ಲಿ ಒಂದು ಮಾತು. ಜನರ ಬಾಯಲ್ಲಿ ಇದು ಮೂರು ಗಾಲಿಯ ಸ್ಕೂಟರು. ಸರಕಾರದ ಅಂಗವಿಕಲರ ಇಲಾಖೆಯ ಯೋಜನೆಯ ಕಾಗದಗಳಲ್ಲಿ ಇದೇ ಬಗೆಯ ಬಂಡಿ ಯಂತ್ರಚಾಲಿತ ದ್ವಿಚಕ್ರ ವಾಹನ. ನೆಲದ ಮೇಲೆ ಕುಳಿತು ಎಣಿಸಿದರೆ ಮುಂದೊಂದು, ಹಿಂದೆ ಮೂಲದ್ದೊಂದು, ಅದರ ಎಡಬಲಕ್ಕೆ ಎರಡು, ಒಟ್ಟು ನಾಲ್ಕು! ಹೆಸರು ಹೇಗಾದರೂ ಇರಲಿ, ಮೂರು ಗಾಲಿಯನ್ನು ಕೀಳೆಂದು ಭಾವಿಸಬೇಕಾಗಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಹಕ್ಕುಪತ್ರ ಪಡೆದ ಮೋಟಾರು ಗಾಡಿಗೆ ಇದ್ದದ್ದು ಮೂರೇ ಗಾಲಿ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಕಂಪನಿಯು ದೂರಪ್ರವಾಸಕ್ಕೆಂದೇ ಟ್ರೈ ಗ್ಲೈಡ್ ಎಂಬ ಮೂರು ಗಾಲಿಯ ಮೋಟಾರು ಸೈಕಲ್ಲನ್ನು 2009ರ ಮಾದರಿಯಾಗಿ ಹೊರತಂದಿತು. ಭಾರವಾದ ಬೈಕನ್ನು ನಿಂತಲ್ಲಿ ಕಾಲೂರಿ ಹಿಡಿಯಲು ಮೊಣಕಾಲು ಒಪ್ಪದ ಹಿರಿಯರಿಗೂ ಅಂಥದು ಅನುಕೂಲ. ಅಳಿಯ ಅದರ ಚಿತ್ರವನ್ನು ತನ್ನ ಮೊಬೈಲಿನಲ್ಲಿ ತೋರಿಸಿ, "ಅವರ ಕಷ್ಟವೂ ನನ್ನದೇ, ಕಿಸೆ ಮಾತ್ರ ಬೇರೆ" ಎಂದು ನಕ್ಕನು.

ನಮ್ಮ ದೇಶದಲ್ಲಿ ಇಂಥವರಿಗೆ ದಾರಿ ತೆರೆದದ್ದು ಗೇರಿಲ್ಲದ ಸ್ಕೂಟರು. ಬಜಾಜ್ ಚೇತಕ್ ಮನೆಮನೆಯಲ್ಲಿದ್ದ ಕಾಲದಲ್ಲಿ ಅದನ್ನು ಚಾಲೂ ಮಾಡಲು ಕಾಲಿನಿಂದ ಒದೆಯಬೇಕಾಗಿತ್ತು. ಹಿಂದಿನ ಬ್ರೇಕು ಬಲಗಾಲಿನ ಕೆಳಗಿತ್ತು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಗುಂಡಿ ಒತ್ತಿದರೆ ಹೊರಡುತ್ತಿತ್ತು, ಗೇರು ಬದಲಿಸುವ ಗೋಜಿರಲಿಲ್ಲ. 2001ರಲ್ಲಿ ಹೋಂಡಾ ಆಕ್ಟಿವಾ ಬಂದಿತು. ಅದರ ಎರಡು ಬ್ರೇಕುಗಳೂ ಕೈಯಲ್ಲಿ. ಇನ್ನು ಕಾಲಿಗೆ ಉಳಿದ ಕೆಲಸ ಒಂದೇ, ನಿಂತಾಗ ಬೀಳದಂತೆ ನೆಲಕ್ಕೆ ಊರುವುದು. ಆ ಕೆಲಸವನ್ನು ಪಕ್ಕದ ಗಾಲಿಗಳು ವಹಿಸಿಕೊಂಡವು. ನಾವು ನೋಡಹೋದದ್ದು 2014ರಲ್ಲಿ ನೋಂದಣಿಯಾದ ಇಂಥ ಒಂದು ಆಕ್ಟಿವಾ.

ಆ ತಾಯಿ ನಮ್ಮನ್ನು ಆದರದಿಂದ ಕೂರಿಸಿದರು. ಬಂಡಿಯ ಮೇಲೆ ಹಳೆಯ ಪಂಚೆ ಹೊದಿಸಿತ್ತು. "ನಮ್ಮ ಯಜಮಾನರು ಇದರ ಮೇಲಿಂದ ಒಂದು ದಿನವೂ ಬಿದ್ದವರಲ್ಲ ಶಾಸ್ತ್ರಿಗಳೆ. 32,000 ಬರಲಿ ಎಂದು ಮಗ ಹೇಳಿದ್ದಾನೆ. ನಿಮ್ಮ ಹುಡುಗನಿಗಾದರೆ ನೋಡಿಕೊಂಡು ಕೊಡಿ" ಎಂದರು. ನನಗೋ ಬಂಡಿ ಹೊಸದರಂತೆಯೇ ಕಂಡಿತು. ಕೆಳಗಿನ ಕಬ್ಬಿಣಕ್ಕೆ ಬಳಿದ ಕಪ್ಪು ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ಅಳಿಯನ ಮುಖದಲ್ಲಿ ಮಾತ್ರ ಆ ಮಿಂಚನ್ನು ಕಂಡು ಸಂತೋಷವಾಗಲಿಲ್ಲ. ಅವನು ಮೊದಲು ಕಿಸೆಯಿಂದ ಒಂದು ದಾರವನ್ನು ತೆಗೆದನು. ಅದರಲ್ಲಿ ಎರಡು ಗಂಟುಗಳಿದ್ದವು. ತಮ್ಮ ಮನೆಯ ದಾರಿಯ ದಣಪೆಯಲ್ಲಿ ಎರಡು ಕಲ್ಲುಕಂಬಗಳ ನಡುವೆ ಇರುವ ಅಂತರವನ್ನು ಅಳೆದು ತಂದಿದ್ದನು. ಹಿಂದಿನ ಗಾಲಿಗಳ ಹೊರ ಅಂಚಿಗೆ ದಾರ ಹಿಡಿದಾಗ ಎರಡೂ ಕಡೆ ನಾಲ್ಕು ಬೆರಳು ಉಳಿಯಿತು. ಇದು ನನಗೆ ಹೊಳೆದೇ ಇರಲಿಲ್ಲ. ಮನೆಗೆ ತಂದ ಬಂಡಿ ಮನೆಯ ಬಾಗಿಲಿಗೇ ಬಾರದಿದ್ದರೆ ಏನು ಮಾಡುವುದು!

ಆಮೇಲೆ ಹುಚ್ಚರಾಯನ ಕೆರೆಯ ಕಡೆಗೆ ಓಡಿಸಿ ನೋಡಿದನು. ನಾನು ದಂಡೆಯಲ್ಲಿ ನಿಂತಿದ್ದೆ. ಎರಡು ಗಾಲಿಯ ವಾಹನವು ತಿರುವು ಬಂದಾಗ ಒಳಮಗ್ಗುಲಿಗೆ ಬಾಗಿ ತನ್ನ ತೂಕವನ್ನು ತಾನೇ ಸಂಭಾಳಿಸಿಕೊಳ್ಳುತ್ತದೆ. ಪಕ್ಕದ ಗಾಲಿಗಳು ಬಂದೊಡನೆ ಆ ಬಾಗುವ ಗುಣ ಹೋಗುತ್ತದೆ. ವೇಗವಾಗಿ ತಿರುಗಿಸಿದರೆ ಒಳಬದಿಯ ಗಾಲಿ ನೆಲವನ್ನು ಬಿಟ್ಟೇಳುತ್ತದೆ. ಅವನು ತಿರುವಿಗೆ ಬಹಳ ಮುಂಚೆಯೇ ವೇಗ ಇಳಿಸಿ, ತನ್ನ ಮೈಯನ್ನು ಮಾತ್ರ ಒಳಕ್ಕೆ ವಾಲಿಸಿ ತಿರುಗಿಸುತ್ತಿದ್ದುದನ್ನು ಕಂಡೆ. ಹಿಂದಿರುಗಿ ಬಂದು, "ಎಡಕ್ಕೆ ಎಳೆಯುತ್ತದೆ" ಎಂದನು. ರಸ್ತೆಯ ನಡು ಉಬ್ಬಿ ಅಂಚು ತಗ್ಗಾಗಿರುವುದರಿಂದ ಇಂಥ ಬಂಡಿಗಳೆಲ್ಲ ಸ್ವಲ್ಪ ಎಡಕ್ಕೆ ಎಳೆಯುವುದು ಸಹಜವಂತೆ. ಇದರ ಎಳೆತ ಅದಕ್ಕಿಂತ ಹೆಚ್ಚು. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಸುಮಾರು 20 ಕಿಲೋಮೀಟರು. ಅಷ್ಟು ದೂರ ಹಿಡಿಕೆಯನ್ನು ಬಲಕ್ಕೆ ಒತ್ತಿಹಿಡಿದು ಹೋದರೆ ತೋಳು ಸೋಲದೆ ಇದ್ದೀತೆ?

ಸಮೀಪದ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಎಂಜಿನ್ನಿನ ಕಡೆಗೆ ಹೆಚ್ಚು ನೋಡಲಿಲ್ಲ. "ಎಂಜಿನ್ನು ಕಂಪನಿಯದು, ಅದರ ಬಿಡಿಭಾಗ ಎಲ್ಲಿಯೂ ಸಿಗುತ್ತದೆ. ನೋಡಬೇಕಾದ್ದು ಆಮೇಲೆ ಸೇರಿಸಿದ ಕಬ್ಬಿಣವನ್ನು" ಎಂದು ಬಂಡಿಯ ಕೆಳಗೆ ಮಲಗಿದರು. ಎಡಗಾಲಿಯ ಟೈರು ಒಳಬದಿಯಲ್ಲಿ ಮಾತ್ರ ಸವೆದಿತ್ತು. ಗಾಲಿ ನೇರವಾಗಿ ಕೂತಿಲ್ಲವೆಂಬುದಕ್ಕೆ ಅದೇ ಗುರುತು. ಗಾಲಿಯನ್ನು ಮೇಲೆತ್ತಿ ಅಲುಗಿಸಿದಾಗ ಕಟಕಟ ಸದ್ದು ಬಂದಿತು, ಬೇರಿಂಗ್ ಸವೆದಿದೆ. ಬಳಿಕ ತಂತಿಯ ಬ್ರಷ್ಷಿನಿಂದ ಆ ಮಿರುಗುವ ಕಪ್ಪು ಬಣ್ಣವನ್ನು ಉಜ್ಜಿದರು. ಎಡಗಾಲಿಯನ್ನು ಚೌಕಟ್ಟಿಗೆ ಹಿಡಿದಿದ್ದ ವೆಲ್ಡಿಂಗಿನಲ್ಲಿ ಕಿರುಬೆರಳಿನುದ್ದದ ಬಿರುಕು! ಮಾರುವ ಮುನ್ನ ಯಾವುದೋ ಅಂಗಡಿಯಲ್ಲಿ ಬಣ್ಣ ಹೊಡೆಸಿದ್ದರು. ಬಿರುಕಿನ ವಿಷಯ ಆ ತಾಯಿಗೆ ತಿಳಿದಿರಲಿಲ್ಲ. ಅವರ ಮುಖ ಸಣ್ಣದಾಯಿತು.

ಮೆಕ್ಯಾನಿಕ್ ಇನ್ನೊಂದು ಸಂಗತಿಯನ್ನೂ ತಿಳಿಸಿದರು. ಪಕ್ಕದ ಗಾಲಿಗಳನ್ನು ಅಗತ್ಯಕ್ಕಿಂತ ತಗ್ಗಿಸಿ ಜೋಡಿಸಿದ್ದರೆ ಹಳ್ಳದಿಣ್ಣೆಯಲ್ಲಿ ನಡುವಿನ ಗಾಲಿ ತೂಗಾಡುತ್ತದೆ. ಎಂಜಿನ್ನಿನ ಬಲ ಸಲ್ಲುವುದೂ ಹಿಂದಿನ ಬ್ರೇಕು ಇರುವುದೂ ಆ ಗಾಲಿಗೇ. ಅದು ನೆಲಕ್ಕೆ ಸರಿಯಾಗಿ ತಾಗದಿದ್ದರೆ ಬಂಡಿ ಹೋಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಎತ್ತಿನ ಗಾಡಿ ತುಳಿದ ನಮ್ಮ ಮಲೆನಾಡಿನ ದಾರಿಗಳಲ್ಲಿ ಎರಡು ಜಾಡು, ನಡುವೆ ಹುಲ್ಲಿನ ದಿಂಡು. ಹಿಂದಿನ ಪಕ್ಕದ ಗಾಲಿಗಳು ಜಾಡು ಹಿಡಿದರೆ ಮುಂದಿನ ಗಾಲಿ ದಿಂಡಿನ ಮೇಲೇರಬೇಕು. ಇದನ್ನು ಅಳಿಯ ಆಗಲೇ ಯೋಚಿಸಿದ್ದನು: "ಮಳೆಗಾಲದ ನಾಲ್ಕು ತಿಂಗಳು ಡಾಂಬರು ರಸ್ತೆಯ ಬದಿಯ ಚಿಕ್ಕಪ್ಪನ ಮನೆಯಲ್ಲಿ ನಿಲ್ಲಿಸುತ್ತೇನೆ. ಅಲ್ಲಿಯವರೆಗೆ ನಡೆಯುತ್ತೇನೆ, ಕಾಲು ಫರ್ಲಾಂಗು."

ಕಬ್ಬಿಣದ ಮಾತು ಇಷ್ಟಾಯಿತು. ಕಾಗದದ ಮಾತು ಇದಕ್ಕಿಂತ ಗಹನವಾದುದು. ಗೃಹಸ್ಥರು ಎಡವುವುದೂ ಇಲ್ಲಿಯೇ. ಬಂಡಿ ಇನ್ನೂ ಲಿಂಗೈಕ್ಯರಾದವರ ಹೆಸರಿನಲ್ಲಿತ್ತು. ವ್ಯವಹಾರ ಕುದುರಿಸಲು ಬಂದಿದ್ದ ಮಧ್ಯವರ್ತಿ, "ಅವರು ಇದ್ದಾಗಲೇ ರುಜು ಮಾಡಿಟ್ಟ 29, 30ನೆಯ ನಮೂನೆಗಳಿವೆ. ತಾರೀಖು ಹಾಕಿಕೊಂಡರೆ ಮುಗಿಯಿತು" ಎಂದನು. ಎಷ್ಟು ಸುಲಭ! ಅಳಿಯನೂ ಒಂದು ಕ್ಷಣ ನನ್ನ ಮುಖ ನೋಡಿದನು. ಸತ್ತವರ ರುಜುವಿನಿಂದ ಬಂಡಿ ಕೊಳ್ಳುವುದು ಬೇಡವೆಂದು ನಾನು ಖಂಡಿತವಾಗಿ ಹೇಳಿದೆ. ಆ ದಿನ ನನ್ನ ಮಾತು ನಡೆದದ್ದು ಇದೊಂದರಲ್ಲಿ.

ಇದು ಬರಿಯ ಮಡಿವಂತಿಕೆಯಲ್ಲ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯವು 2018ರ ಒಂದು ತೀರ್ಪಿನಲ್ಲಿ ಹೇಳಿದೆ. ಬಂಡಿಯನ್ನು ಕೈ ಬದಲಾಯಿಸಿ ಹೆಸರು ಬದಲಾಯಿಸದಿದ್ದರೆ, ನಾಳೆ ಅಪಘಾತವಾದಾಗ ಪರಿಹಾರದ ಹೊರೆ ಹಳೆಯ ಮನೆಯವರ ಬಾಗಿಲಿಗೆ ಹೋಗಬಹುದು. ಒಬ್ಬ ವಿಧವೆ ತಾಯಿಯ ತಲೆಗೆ ಅದನ್ನು ಕಟ್ಟುವುದು ಯಾವ ನ್ಯಾಯ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮಾಲೀಕರು ತೀರಿಕೊಂಡ 30 ದಿನಗಳೊಳಗೆ ವಾರಸುದಾರರು ನೋಂದಣಿ ಅಧಿಕಾರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಬಳಿಕವೇ 29, 30ನೆಯ ನಮೂನೆಗಳಲ್ಲಿ ಮಾರಾಟ. ಮೂರು ತಿಂಗಳು ದಾಟಿತ್ತಾದ್ದರಿಂದ ದಂಡ ತೆರಬೇಕಾಯಿತು. ಮರಣಪತ್ರ, ವಂಶವೃಕ್ಷ, ಬೆಂಗಳೂರಿನಲ್ಲಿರುವ ಮಗನ ಒಪ್ಪಿಗೆ ಇವೆಲ್ಲ ಕೂಡಿಬರಲು ಏಳು ವಾರ ಹಿಡಿಯಿತು.

ಆರ್.ಸಿ. ಪುಸ್ತಕದಲ್ಲಿ ಇನ್ನೊಂದು ಕೊರತೆ ಕಂಡಿತು. ಪಕ್ಕದ ಗಾಲಿ ಜೋಡಿಸಿದ ವಿಷಯವೇ ಅದರಲ್ಲಿ ನಮೂದಾಗಿರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು, ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನವೆಂಬುದಕ್ಕೆ ಬೇರೆಯೇ ವ್ಯಾಖ್ಯೆ ಕೊಟ್ಟಿದೆ. ಮಾರ್ಪಾಟಿಗೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಚಾಲನಾ ಪರವಾನಗಿಯೂ ಆ ವರ್ಗದ್ದೇ ಆಗಿರಬೇಕು. ಅಳಿಯನ ಪರವಾನಗಿ ಸರಿಯಾಗಿತ್ತು, ಬಂಡಿಯ ಪುಸ್ತಕ ಸರಿಯಾಗಿರಲಿಲ್ಲ. ಪುಸ್ತಕದಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಎಂದಾದರೆ ವಿಮೆಯ ಕಂಪನಿ ತಕರಾರು ತೆಗೆಯಲು ದಾರಿಯಾಗುತ್ತದೆ. ನೋಂದಣಿಯ ಅವಧಿ 15 ವರ್ಷ. 2014ರ ಈ ಬಂಡಿಗೆ 2029ರಲ್ಲಿ ನವೀಕರಣ ಬೇಕು. ಬೆಲೆ ಕಟ್ಟುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು.

ಅಂದು ಸಂಜೆ ಮನೆಯಲ್ಲಿ ಕುಳಿತಾಗ ಫೋನಿನಲ್ಲಿ ಅಕ್ಕ, "ಬೇಡವೆನ್ನು, ನಿನ್ನ ಮಾತು ಕೇಳುತ್ತಾನೆ" ಎಂದು ನನಗೆ ಒತ್ತಾಯ ಮಾಡಿದಳು. ಬಿರುಕನ್ನು ಕಣ್ಣಾರೆ ಕಂಡ ಮೇಲೆ ಬೇಡವೆನ್ನುವುದು ಸುಲಭವಾಗಿತ್ತು. ಆದರೆ ದಾರ ತಂದವನು ಅವನು. ಎಳೆತವನ್ನು ಗುರುತಿಸಿದವನು, ಮಳೆಗಾಲಕ್ಕೆ ಬಂಡಿ ನಿಲ್ಲಿಸುವ ಜಾಗ ಗೊತ್ತುಮಾಡಿದವನು ಅವನೇ. ಮನೆಯಲ್ಲಿ ಅಂಗವೈಕಲ್ಯವಿರುವ ಒಬ್ಬರಿದ್ದರೆ ಉಳಿದವರೆಲ್ಲ ಅವರ ಪರವಾಗಿ ನಿರ್ಧರಿಸುವ ಒಂದು ಅಭ್ಯಾಸ ನಮ್ಮಲ್ಲಿದೆ. ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ. "ಅಕ್ಕಾ, ಓಡಿಸುವವನು ಅವನು. ಅವನಿಗಿಂತ ನನಗೆ ಹೆಚ್ಚು ತಿಳಿಯಲಿಲ್ಲ" ಎಂದೆ. ಅವಳು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಹಳೆಯ ಚೌಕಟ್ಟನ್ನು ಬೆಸೆದು ತೇಪೆ ಹಾಕುವುದು ಬೇಡ, ಹೊಸದನ್ನೇ ಕೂರಿಸಬೇಕೆಂದು ಅಳಿಯ ಹಟ ಹಿಡಿದನು. ಅದರ ಖರ್ಚು ಕಳೆದು 26,000 ರೂಪಾಯಿಗೆ ಮಾತಾಯಿತು. ಇನ್ನೂ ಇಳಿಸಬಹುದಾಗಿತ್ತು, ಆ ತಾಯಿಯೊಡನೆ ಚೌಕಾಸಿ ಮಾಡಲು ಅವನಿಗೆ ಮನಸ್ಸಾಗಲಿಲ್ಲ. ಹಣ ಕೊಟ್ಟದ್ದು ಹೆಸರು ಬದಲಾದ ಮೇಲೆಯೇ. ಬಂಡಿ ಹೊರಡುವಾಗ ಅವರು ಮುಂದಿನ ಗಾಲಿಗೆ ವಿಭೂತಿ ಹಚ್ಚಿ ಒಳಗೆ ಹೋಗಿಬಿಟ್ಟರು.

ಅಕ್ಕನಿಗೆ ಎಪ್ಪತ್ತಾರು ವರ್ಷ. ಸೆರಗಿನ ಮೇಲೆ ಹೆಲ್ಮೆಟ್ ಹಾಕಿಕೊಳ್ಳಲು ಒಂದು ವಾರ ಒಪ್ಪಲಿಲ್ಲವಂತೆ. ಯುಗಾದಿ ಕಳೆದ ಮೊದಲ ಸೋಮವಾರ ಒಪ್ಪಿದಳು. ಶಿರಾಳಕೊಪ್ಪದ ಸುತ್ತಮುತ್ತ ಎಷ್ಟೊಂದು ಪುಣ್ಯಸ್ಥಳಗಳು ಒಂದಕ್ಕೊಂದು ಹತ್ತಿರದಲ್ಲಿವೆಯೆಂಬುದನ್ನು ಓದುಗರು ಬಲ್ಲರು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ, ಸತ್ಯಕ್ಕನ ಹಿರೇಜಂಬೂರು, ಕದಂಬರ ಸ್ತಂಭಶಾಸನವಿರುವ ತಾಳಗುಂದದ ಪ್ರಣವೇಶ್ವರ. ಮೊದಲ ದಿನ ಉಡುತಡಿ ಮತ್ತು ಬಳ್ಳಿಗಾವಿ ಸಾಕೆಂದು ಅವನು ಲೆಕ್ಕ ಹಾಕಿದ್ದನು. ಮಧ್ಯಾಹ್ನ ಫೋನು ಬಂದಿತು. "ಮಾವಾ, ತಾಳಗುಂದದಲ್ಲಿದ್ದೇವೆ. ಅವ್ವ ಕೇಳಲಿಲ್ಲ, ಇಲ್ಲಿಗೂ ಬರಬೇಕೆಂದಳು." ನಾನೂ ಬರುತ್ತೇನೆ, ಅಲ್ಲಿಯೇ ಇರಿ ಎಂದೆ. ಫೋನನ್ನು ಅಕ್ಕ ಕಸಿದುಕೊಂಡಿರಬೇಕು. "ನೀನು ಬಸ್ಸಿಗೆ ಬಾ. ಇದರಲ್ಲಿ ಮೂರನೆಯವರಿಗೆ ಜಾಗವಿಲ್ಲ" ಎಂದಳು.