ಬೆಳೆದವರ ಮನೆಯಲ್ಲೇ ವೈನ್: ವಿಯೆನ್ನಾದ ಪದ್ಧತಿ

ದ್ರಾಕ್ಷಿ ಬೆಳೆದವರೇ ರಸ ಹಿಂಡಿ, ವೈನ್ ಮಾಡಿ, ತಮ್ಮ ಮನೆಯಂಗಳದಲ್ಲಿ ಬೆಂಚು ಹಾಕಿ ಬಂದವರಿಗೆ ಕೊಡುವ ಪದ್ಧತಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿದೆ. ಆ ನಗರದ ಎಲ್ಲೆಯೊಳಗೇ ಸುಮಾರು 600 ಹೆಕ್ಟೇರು ದ್ರಾಕ್ಷಿ ತೋಟವಿದೆ. ಗ್ರಿಂಟ್ಸಿಂಗ್, ನುಸ್‌ಡಾರ್ಫ್, ಸ್ಟಾಮರ್ಸ್‌ಡಾರ್ಫ್ ಮುಂತಾದ ಹಳೆಯ ಹಳ್ಳಿಗಳಿಗೆ ಟ್ರಾಮಿನಲ್ಲೋ ಬಸ್ಸಿನಲ್ಲೋ ಹೋಗಬಹುದು. ಇಂತಹ ಮನೆಗಳನ್ನು ಹಾಯ್ರಿಗರ್ ಎನ್ನುತ್ತಾರೆ. ಹೊಸ ವೈನಿಗೂ ಅದೇ ಹೆಸರು.

ಇದರ ಮೂಲ 1784ರ ಆಗಸ್ಟ್ 17ರ ಒಂದು ರಾಜಾಜ್ಞೆ. ತಾನೇ ತಯಾರಿಸಿದ ವೈನು ಮತ್ತು ಆಹಾರವನ್ನು ವರ್ಷದ ಯಾವ ಕಾಲದಲ್ಲಾದರೂ ತನಗೆ ಸರಿಕಂಡ ಬೆಲೆಗೆ ಮಾರಬಹುದೆಂದು ಎರಡನೇ ಜೋಸೆಫ್ ಚಕ್ರವರ್ತಿ ಅಪ್ಪಣೆ ಕೊಟ್ಟನು. ಈ ಮಾತಿನ ತೂಕ ನಮ್ಮ ಕಾಫಿ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಬೆಳೆದುದನ್ನೆಲ್ಲ ಪೂಲಿಗೆ ಒಪ್ಪಿಸಿ ಕಂತಿನ ಹಣಕ್ಕೆ ಕಾದವರು ನಮ್ಮ ಸದಸ್ಯರಲ್ಲಿ ಇನ್ನೂ ಇದ್ದಾರೆ. ಆ ಕಟ್ಟು 1992ರಿಂದ ಸಡಿಲವಾಗುತ್ತ ಬಂದು 1996ರಲ್ಲಿ ಕಳಚಿತು.

ಬಾಗಿಲ ಮೇಲೆ ಪೈನ್ ಮರದ ಹಸಿರು ಕೊಂಬೆ ತೂಗಿದ್ದರೆ ಮನೆ ತೆರೆದಿದೆ ಎಂದರ್ಥ. ಹಾಯ್ರಿಗರ್ ಎಂಬ ಹೆಸರಿನ ಹೋಟೆಲುಗಳೂ ಸಾಕಷ್ಟಿವೆ. ಬುಷನ್‌ಶಾಂಕ್ ಎಂದು ಬರೆದಿರುವಲ್ಲಿ ಮಾತ್ರ ಆ ಮನೆಯವರೇ ಬೆಳೆದ ವೈನು ಸಿಗುತ್ತದೆ. ಜೊತೆಗೆ ಬ್ರೆಡ್ಡು, ಗಿಣ್ಣು, ತಣ್ಣನೆಯ ತಿಂಡಿಗಳು. ಕುಡಿಯದವರಿಗೆ ದ್ರಾಕ್ಷಿಯ ಸಿಹಿರಸವೂ ಉಂಟು.

ರುಚಿ ನೋಡುವವರು ಲೀಟರಿನ ಎಂಟನೆಯ ಒಂದು ಭಾಗ ಕೇಳಿದರೆ ಸಾಕು. ಮೊದಲು ಹೊಸದು, ಆಮೇಲೆ ಹಳೆಯದು. ಸುಗ್ಗಿಯ ವೈನು ನವೆಂಬರ್ 11ರಿಂದ ಮುಂದಿನ ವರ್ಷದ ಅದೇ ದಿನದವರೆಗೆ ಹೊಸದು, ಬಳಿಕ ಹಳೆಯದು. ಹೆಚ್ಚಿನವು ಬಿಳಿ ವೈನುಗಳು. ಗ್ರ್ಯೂನರ್ ವೆಲ್ಟ್‌ಲಿನರ್ ಎಂಬ ತಳಿಯದನ್ನು ಮೂಸಿದರೆ ಕಾಳುಮೆಣಸಿನ ಘಾಟು ತಿಳಿಯುತ್ತದೆ. ಮೆಣಸು ಬೆಳೆಯುವ ನಮಗೆ ಇದನ್ನು ಗುರುತಿಸುವುದು ಕಷ್ಟವಾಗಲಾರದು.

ಆದರೆ ಬೆಳೆಗಾರರು ಕೇಳಿ ಸವಿಯಬೇಕಾದದ್ದು ಗೆಮಿಷ್ಟರ್ ಸಾಟ್ಸ್. ಒಂದೇ ತೋಟದಲ್ಲಿ ಹಲವು ತಳಿಗಳನ್ನು ಬೆರಕೆಯಾಗಿ ನೆಟ್ಟು, ಒಟ್ಟಿಗೆ ಕೊಯ್ದು, ಒಟ್ಟಿಗೆ ಹಿಂಡಿ ಮಾಡುವ ವೈನ್ ಇದು. ಒಂದು ತಳಿ ಹೂಬಿಡುವಾಗ ಹಿಮವೋ ಮಳೆಯೋ ಹೊಡೆದರೆ ಇನ್ನೊಂದು ಉಳಿದೀತೆಂಬುದು ಹಿಂದಿನವರ ಲೆಕ್ಕ. 2013ರಿಂದ ಇದಕ್ಕೆ ನಿಯಮವಿದೆ: ಕನಿಷ್ಠ ಮೂರು ಬಿಳಿ ತಳಿಗಳಿರಬೇಕು, ಯಾವುದೂ ನೂರಕ್ಕೆ 50ನ್ನು ಮೀರಬಾರದು, ಮೂರನೆಯದು 10ಕ್ಕಿಂತ ಕಡಿಮೆಯಾಗಬಾರದು.

ಬೆಳೆದವರ ಕೈಯಿಂದಲೇ ಕೊಳ್ಳುವುದಕ್ಕೆ ಇನ್ನೊಂದು ಬೆಲೆಯೂ ಇದೆ. ವೈನು ಸಿಹಿಯಾಗಿ, ಗಟ್ಟಿಯಾಗಿ ತೋರಲೆಂದು ಆಸ್ಟ್ರಿಯಾದ ಕೆಲವರು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷರಾಸಾಯನಿಕವನ್ನು ಬೆರೆಸಿದ್ದು 1985ರಲ್ಲಿ ಬಯಲಾಯಿತು. ಬೆರೆಸಿದವರು ಕೆಲವರಾದರೂ ಇಡೀ ದೇಶದ ವೈನಿನ ರಫ್ತು ಕುಸಿಯಿತು. ತಪ್ಪಿಲ್ಲದ ಸಣ್ಣ ಬೆಳೆಗಾರರ ಹೆಸರೂ ಕೆಟ್ಟಿತು. ಅದೇ ವರ್ಷ ಬಿಗಿಯಾದ ಕಾನೂನು ಬಂತು. ಈಗ ಗುಣಮಟ್ಟದ ವೈನು ಎನಿಸಿಕೊಳ್ಳಬೇಕಾದರೆ ಸರಕಾರದ ಪ್ರಯೋಗಶಾಲೆಯ ಪರೀಕ್ಷೆಯನ್ನೂ ರುಚಿ ಪರೀಕ್ಷೆಯನ್ನೂ ದಾಟಿ ಸಂಖ್ಯೆ ಪಡೆಯಬೇಕು. ಬಾಟಲಿಯ ಮುಚ್ಚಳದ ಮೇಲೆ ಕಾಣುವ ಕೆಂಪು-ಬಿಳಿ-ಕೆಂಪು ಗುರುತು ಆ ವೈನಿನದು.