ಕಿವಿಯ ನೋವಿಗೆ ಕಿವಿಯೇ ಕಾರಣವೇ?

ಕಿವಿ ನೋಯುತ್ತಿದ್ದರೆ ರೋಗ ಕಿವಿಯಲ್ಲೇ ಇರಬೇಕೆಂಬುದು ಒಂದು ತಪ್ಪು ಕಲ್ಪನೆ. ಪರೀಕ್ಷೆಯಲ್ಲಿ ಕಿವಿ ಆರೋಗ್ಯವಾಗಿ ಕಂಡ ಮೇಲೂ ನೋವಿದೆಯೆನ್ನುವುದು ಬರೀ ಭ್ರಮೆಯೆಂಬುದು ಅದರ ಬೆನ್ನಿಗೇ ಹುಟ್ಟುವ ಇನ್ನೊಂದು. ಕೆಳದವಡೆಯು ತಲೆಬುರುಡೆಯನ್ನು ಸೇರುವ ಕೀಲು ಕಿವಿಯ ನಾಳಕ್ಕೆ ತೀರ ಹತ್ತಿರದಲ್ಲಿದ್ದು, ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಮೂಳೆಯ ತುದಿ ಜಾರುವುದು ಬೆರಳಿಗೇ ತಿಳಿಯುತ್ತದೆ. ಆ ಕೀಲಿಗೂ ಕಿವಿನಾಳದ ಮುಂಭಾಗಕ್ಕೂ ಸ್ಪರ್ಶಜ್ಞಾನ ಒದಗಿಸುವುದು ಮುಖದ ಪ್ರಧಾನ ಸಂವೇದನಾ ನರವಾದ ಟ್ರೈಜೆಮಿನಲ್ ನರದ ಒಂದೇ ಕವಲು. ಈ ನರದ ಜೊತೆಗೆ ಗಂಟಲು ಮತ್ತು ಕುತ್ತಿಗೆಯ ನರಗಳೂ ಕಿವಿಗೆ ಕವಲೊಡೆದಿರುವುದರಿಂದ, ನೋಯುವ ದವಡೆಯ ಕೀಲಾಗಲಿ, ಹುಳುಕು ಹಿಡಿದ ದವಡೆಹಲ್ಲಾಗಲಿ, ಬಾತ ಗಂಟಲಾಗಲಿ ಕಿವಿನೋವಾಗಿ ತೋರಬಹುದು. ಒಂದೆಡೆ ಹುಟ್ಟಿ ಮತ್ತೊಂದೆಡೆ ಕಾಣಿಸುವ ಈ ಬಗೆಯನ್ನು ವೈದ್ಯರು ‘ರೆಫರ್ಡ್ ಪೇನ್’ ಎನ್ನುತ್ತಾರೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿ ಇಂಥ ನೋವಿನ ಮೂಲವನ್ನು ಮುಟ್ಟುವುದೇ ಇಲ್ಲ. ಕಿವಿಯ ತಮಟೆಯಲ್ಲಿ ತೂತಿದ್ದರಂತೂ ಅದು ಅಪಾಯಕ್ಕೇ ದಾರಿ.

ಹಲ್ಲುಗಳ ಜೋಡಣೆ ಸರಿಯಿಲ್ಲದಿರುವುದೇ ದವಡೆಯಿಂದ ಹುಟ್ಟುವ ಕಿವಿನೋವಿಗೆಲ್ಲ ಮೂಲವೆಂಬ ನಂಬಿಕೆಗೆ ವೈದ್ಯರೇ ಒಂದು ಕಾಲಕ್ಕೆ ನೀರೆರೆದರು. ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಗಂಟಲು ತಜ್ಞ ಜೇಮ್ಸ್ ಕಾಸ್ಟನ್ 1934ರಲ್ಲಿ, ಹಿಂದಿನ ಹಲ್ಲುಗಳು ಬಿದ್ದುಹೋದಾಗ ದವಡೆ ಮೇಲಕ್ಕೆ ಸರಿದು ನರವನ್ನು ಒತ್ತುತ್ತದೆಂದು ವಾದಿಸಿದರು. ಅವರು ಗಮನಿಸಿದ ಲಕ್ಷಣಗಳು ನಿಜವಾಗಿದ್ದರೂ ಕೊಟ್ಟ ವಿವರಣೆಯನ್ನು ನಂತರದ ಅಂಗರಚನಾಶಾಸ್ತ್ರ ಒಪ್ಪಲಿಲ್ಲ. ನೋವಿನ ಪರಿಹಾರಕ್ಕೆಂದು ಹಲ್ಲನ್ನು ತೇಯಿಸುವುದು, ಕಾರಣ ಖಚಿತವಾಗದೆ ಬುದ್ಧಿಹಲ್ಲು ಕೀಳಿಸುವುದು ಹಿಂದಿರುಗಲಾಗದ ಕ್ರಮಗಳಾದ್ದರಿಂದ ಅವಸರ ಸಲ್ಲದು. ಬಾಯಿ ತೆರೆಯುವಾಗಿನ ‘ಟಕ್’ ಶಬ್ದವೂ, ನೋವು ಅಥವಾ ಬಿಗಿತವಿಲ್ಲದಿದ್ದರೆ, ಚಿಕಿತ್ಸೆ ಬೇಡುವ ರೋಗವಲ್ಲ.

ದವಡೆಯ ನೋವಿನಲ್ಲಿ ಬಹುಪಾಲು ಅಗಿಯುವ ಸ್ನಾಯುಗಳ ದಣಿವೇ ಇರುತ್ತದೆ. ಹಗಲಲ್ಲಿ ಚಿಂತೆಯಿಂದ ಹಲ್ಲು ಕಚ್ಚಿಹಿಡಿಯುವುದು, ನಿದ್ದೆಯಲ್ಲಿ ಹಲ್ಲು ಕಡಿಯುವುದು ಅದಕ್ಕೆ ಇಂಬು ಕೊಡುತ್ತವೆ. ತುಟಿ ಮುಚ್ಚಿದ್ದರೂ ಮೇಲಿನ-ಕೆಳಗಿನ ಹಲ್ಲುಗಳು ತಾಗದಂತಿರುವುದೇ ದವಡೆಯ ಸಹಜ ವಿಶ್ರಾಂತಿ ಸ್ಥಿತಿಯೆಂದು ಅರಿತು, ಕೆಲವು ವಾರ ಚಕ್ಕುಲಿ, ಕಬ್ಬು, ಚ್ಯೂಯಿಂಗ್ ಗಮ್ ಬಿಟ್ಟು ಮೆತ್ತನೆಯ ಆಹಾರ ತಿನ್ನುವುದು, ಆಕಳಿಸುವಾಗ ಗಲ್ಲಕ್ಕೆ ಕೈಯಾನಿಸುವುದು, ಬೆಚ್ಚಗಿನ ಬಟ್ಟೆಯ ಶಾಖ ಕೊಡುವುದು, ಇಷ್ಟರಿಂದಲೇ ಅನೇಕರ ನೋವು ಇಳಿಯುತ್ತದೆ.

ಆದರೆ ಎಲ್ಲ ನೋವೂ ಸ್ನಾಯುವಿನದಲ್ಲ. ಗುಟ್ಕಾ, ತಂಬಾಕು, ಅಡಿಕೆ ಜಗಿಯುವವರ ಬಾಯಿ ಮೂರು ಬೆರಳಿನಗಲವೂ ತೆರೆಯದಿದ್ದರೆ, ಅಥವಾ ಅವರಿಗೆ ಕಿವಿನೋವಿನ ಜೊತೆ ನುಂಗಲು ಕಷ್ಟವಾಗುತ್ತಿದ್ದರೆ ಬಾಯಿ ಮತ್ತು ಗಂಟಲಿನ ಪರೀಕ್ಷೆ ತಡವಾಗಕೂಡದು. ಮಧುಮೇಹಿಗಳಲ್ಲಿ ಕಿವಿ ಸೋರುತ್ತ ರಾತ್ರಿ ಉಲ್ಬಣಿಸುವ ನೋವು ಮೂಳೆಗೆ ಇಳಿದ ಸೋಂಕಿರಬಹುದು. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ಸೋತು, ಕಣತಲೆ ನೋಯುತ್ತ ದೃಷ್ಟಿ ಮಂಜಾದರೆ ಅದೇ ದಿನ ವೈದ್ಯರನ್ನು ಕಾಣಬೇಕು; ಬೆವರು, ಎದೆಯ ಬಿಗಿತ ಅಥವಾ ಏದುಸಿರಿನೊಂದಿಗೆ ದವಡೆ ನೋಯುತ್ತಿದ್ದರೆ ದಂತವೈದ್ಯರ ಬಳಿಗಲ್ಲ, ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.