ಕೌದಿ ಕಟ್ಟಿದ ಕೋಣೆಯ ಸ್ಟುಡಿಯೊ

ಮನೆಯ ಒಂದು ಕೋಣೆಯಲ್ಲಿ ಕೀಬೋರ್ಡ್ ನುಡಿಸಿ, ಹಾಡಿ, ಅದನ್ನು ನಾಲ್ಕು ಜನ ಕೇಳುವಂತೆ ರೆಕಾರ್ಡ್ ಮಾಡಿಕೊಳ್ಳಲು ಐದು ಸಾಮಾನು ಬೇಕು: ಕಂಪ್ಯೂಟರ್, ಆಡಿಯೊ ಇಂಟರ್‌ಫೇಸ್, ಮೈಕು, ಹೆಡ್‌ಫೋನ್, ಕೇಬಲ್ಲು. ಕಲಬುರಗಿಯಲ್ಲಾಗಲಿ, ಅಲ್ಲಿಂದ ಹುಮನಾಬಾದ್ ದಾರಿ ಹಿಡಿದರೆ ಸಿಗುವ ಕಮಲಾಪುರದಲ್ಲಾಗಲಿ ಆರನೆಯದೊಂದು ಬೇಕು. ಅದು ಕೌದಿ.

ಕಾರಣ ನೆಲದಲ್ಲಿದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳಿಂದ ಬರುವ ಫರಸಿ ಕಲ್ಲನ್ನು ಈ ಸೀಮೆಯ ಮನೆಗಳಲ್ಲಿ ನೆಲಕ್ಕೆ, ಕಟ್ಟೆಗೆ, ಅಡುಗೆಮನೆಯ ಗೂಡಿಗೆ ಹಾಸುತ್ತಾರೆ. ಬೇಸಿಗೆಯಲ್ಲಿ ಕಾಲಿಗೆ ತಂಪು, ಕಿವಿಗೆ ಮಾತ್ರ ಕಠಿಣ. ಸಿಮೆಂಟು ಬಳಿದ ನಾಲ್ಕು ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಫರಸಿ ಇರುವ ಹತ್ತು–ಹನ್ನೆರಡು ಅಡಿಯ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲಿಗೆ ಮುಗಿಯುವುದಿಲ್ಲ. ಝಣಝಣ ಎಂಬ ಬಾಲವೊಂದು ಹಿಂದೆ ಉಳಿಯುತ್ತದೆ. ಎದುರುಬದುರು ಗೋಡೆಗಳು ಸದ್ದನ್ನು ಚೆಂಡಿನಂತೆ ಎಸೆದಾಡುವುದರಿಂದ ಹೀಗಾಗುತ್ತದೆ. ಎಲ್ಲ ಪ್ರತಿಧ್ವನಿಯೂ ಕೆಟ್ಟದ್ದಲ್ಲ. ಕಲಬುರಗಿ ಕೋಟೆಯೊಳಗಿನ, 1367ರ ಜಾಮಾ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಜಾಗವನ್ನು ಗುಮ್ಮಟಗಳು ಮುಚ್ಚಿವೆ. ಅಂಥ ವಿಸ್ತಾರದಲ್ಲಿ ಅಲೆದಾಡುವ ದನಿಗೆ ಗಾಂಭೀರ್ಯವಿದೆ. ಚಿಕ್ಕ ಕೋಣೆಯ ಪ್ರತಿಧ್ವನಿಗೆ ಅದಿಲ್ಲ. ಹಾಡಿನ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಒಮ್ಮೆ ಹೀಗೆ ಕಲಸಿಹೋದದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಬಿಡಿಸಲಾರದು.

ಕೌದಿ ಈ ಬಾಲವನ್ನು ಕತ್ತರಿಸುತ್ತದೆ. ಹಳೆಯ ಸೀರೆ, ಧೋತರ, ಹರಿದ ಅಂಗಿಗಳನ್ನು ಪದರಪದರವಾಗಿ ಹಾಸಿ, ಬಣ್ಣದ ತೇಪೆಗಳನ್ನು ಕೂಡಿಸಿ, ಬೆರಳಗಲದ ಅಂತರದಲ್ಲಿ ಸಾಲುಸಾಲಾಗಿ ಕೈಹೊಲಿಗೆ ಹಾಕಿದ ಹೊದಿಕೆ ಇದು. ಅಂಗಡಿಯ ತೆಳು ಚಾದರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಈ ಪದರಗಳಲ್ಲಿದೆ. ಸದ್ದೆಂದರೆ ಗಾಳಿಯ ಅಲುಗಾಟ. ಆ ಗಾಳಿ ನೂಲಿನ ಸಂದಿಗಳಲ್ಲಿ ತೂರಿ, ಉಜ್ಜಿಕೊಂಡು ಹಾಯುವಾಗ ಅದರ ಕಸುವು ಅತ್ಯಲ್ಪ ಶಾಖವಾಗಿ ಕರಗುತ್ತದೆ. ಪದರ ಹೆಚ್ಚಿದ್ದಷ್ಟೂ ಉಜ್ಜಾಟ ಹೆಚ್ಚು. ವರ್ಷಗಟ್ಟಲೆ ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಈ ಕೆಲಸಕ್ಕೆ ಲೇಸು. ನೈಲಾನ್ ಸೀರೆಗಳ ಕೌದಿ ಅಷ್ಟು ಹೀರುವುದಿಲ್ಲ.

ಅದನ್ನು ಎಲ್ಲಿ ತೂಗುಹಾಕಬೇಕೆಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಗೋಡೆಗೆ ಮೊಳೆ ಹೊಡೆದು ಅಂಟಿಸಿದಂತೆ ಬಿಗಿದರೆ ಅರ್ಧ ಪ್ರಯೋಜನ ಹೋಯಿತು. ಗೋಡೆಯ ಮಗ್ಗುಲಲ್ಲಿ ಗಾಳಿಯ ಕಣಗಳ ಓಡಾಟ ಕಡಿಮೆ. ಅಲೆಯ ಉದ್ದದ ಕಾಲುಭಾಗದಷ್ಟು ಈಚೆ ಬಂದರೆ ಆ ಓಡಾಟ ಅತಿ ಹೆಚ್ಚು. 1000 ಹರ್ಟ್ಸ್‌ನ ಸ್ವರದ ಅಲೆ ಸುಮಾರು 34 ಸೆಂಟಿಮೀಟರ್ ಉದ್ದ. ಅದರ ಕಾಲುಭಾಗವೆಂದರೆ ನಾಲ್ಕು ಬೆರಳಿಗಿಂತ ತುಸು ಜಾಸ್ತಿ. ಗೋಡೆಯಿಂದ ಒಂದು ಗೇಣು ಈಚೆಗೆ ಹಗ್ಗ ಕಟ್ಟಿ ಕೌದಿಯನ್ನು ನಿರಿಗೆನಿರಿಗೆಯಾಗಿ ಇಳಿಬಿಟ್ಟರೆ ಅದರ ಹಿಡಿತ 400 ಹರ್ಟ್ಸ್ ಆಸುಪಾಸಿನವರೆಗೂ ಇಳಿಯುತ್ತದೆ. ಅದಕ್ಕಿಂತ ಕೆಳಗಿನ ಗುಂಯ್ ಎನ್ನುವ ಮಂದ್ರ ಕೌದಿಗೆ ಬಗ್ಗುವುದಿಲ್ಲ. ಮೂಲೆಗಳಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ ಹತ್ತಿ ಗಾದಿ ಅದನ್ನು ಕೊಂಚ ತಗ್ಗಿಸೀತು.

ಇನ್ನೊಂದು ಮಾತು: ಮೊದಲ ಕೌದಿ ಮೈಕಿನ ಹಿಂದಕ್ಕಲ್ಲ, ಹಾಡುವವರ ಬೆನ್ನ ಹಿಂದಕ್ಕೆ. ಹಾಡಲು ಬಳಸುವ ಸಾಮಾನ್ಯ ಮೈಕು ಮುಂದಿನಿಂದ ಬಂದದ್ದನ್ನು ಹೆಚ್ಚು, ಹಿಂದಿನಿಂದ ಬಂದದ್ದನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ. ಅದು ನೋಡುತ್ತಿರುವುದು ಹಾಡುವವರನ್ನೂ ಅವರ ಹಿಂದಿನ ಗೋಡೆಯನ್ನೂ. ಎರಡನೆಯದು ಪಕ್ಕದ ಗೋಡೆಗೆ, ಮೂರನೆಯದು ಕಾಲಕೆಳಗಿನ ಫರಸಿಗೆ. ಮೊಟ್ಟೆಯ ಟ್ರೇಗಳನ್ನು ಗೋಡೆ ತುಂಬ ಅಂಟಿಸುವ ಚಾಳಿ ಎಲ್ಲ ಊರುಗಳಲ್ಲೂ ಇದೆ. ಅವುಗಳಿಂದ ಹೀರಿಕೆ ಹೆಚ್ಚಿಲ್ಲ. ಬೆಂಕಿ ತಗುಲಿದರೆ ಅಪಾಯ ಹೆಚ್ಚು.

ಕೌದಿ ಒಳಗಿನ ಸದ್ದನ್ನು ಪಳಗಿಸುತ್ತದೆಯೇ ಹೊರತು ಹೊರಗಿನದನ್ನು ತಡೆಯುವುದಿಲ್ಲ. ತಡೆಯಲು ತೂಕ ಬೇಕು. ಈ ಲೆಕ್ಕದಲ್ಲಿ ಕಮಲಾಪುರ ಸುತ್ತಿನ ಹಳ್ಳಿಗಳ ದಪ್ಪ ಗೋಡೆಯ, ಕಿರುಕಿಟಕಿಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ನಗರದ ಹೊಸ ಬಡಾವಣೆಗಳಿಗಿಂತ ಒಳ್ಳೆಯ ಸ್ಟುಡಿಯೊ ಆಗಬಲ್ಲವು. ಅವನ್ನು ಕೆಡವಿ ಸ್ಲ್ಯಾಬು ಹಾಕಿಸುವ ಭರಾಟೆಯಲ್ಲಿ ಇದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸ್ಟುಡಿಯೊ ಎಂದರೆ ಈ ಸೀಮೆಯಲ್ಲಿ ಆಕಾಶವಾಣಿ ನೆನಪಾಗುತ್ತದೆ. ಕಲಬುರಗಿ ಕೇಂದ್ರ ಶುರುವಾದದ್ದು 1966ರಲ್ಲಿ. ಆಗಿನ್ನೂ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ, ಅಂದರೆ ಪೇಟಿಗೆ, ನಿಷೇಧವಿತ್ತು. 1940ರಲ್ಲಿ ಹಾಕಿದ ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಊರೂರ ಭಜನಾ ಮಂಡಳಿಗಳ ಜೀವವಾಗಿದ್ದ ಪೇಟಿಗೆ ರೇಡಿಯೊದ ಬಾಗಿಲು ಮುಚ್ಚಿತ್ತು. 1980ರಲ್ಲಿ ಕ್ಯಾಸಿಯೋ ಕಂಪನಿ ತನ್ನ ಮೊದಲ ಕೀಬೋರ್ಡ್ ತಂದಿತು. ಯಾವ ಕಂಪನಿಯದೇ ಇರಲಿ, ಕೀಬೋರ್ಡಿಗೆ ಕ್ಯಾಸಿಯೋ ಎಂದೇ ಹೆಸರು ಬಿತ್ತು. ಹಾಡು ಕೇಳುವ ದಾರಿಯೂ ಬದಲಾಯಿತು: ಕ್ಯಾಸೆಟ್ಟು, ಸಿ.ಡಿ., ಮೊಬೈಲು.

ಖರ್ಚಿನ ಮಾತು. ಕೀಬೋರ್ಡೂ ಲ್ಯಾಪ್‌ಟಾಪೂ ಮನೆಯಲ್ಲಿದ್ದರೆ ಉಳಿದದ್ದೆಲ್ಲ ಸುಮಾರು 20ರಿಂದ 25 ಸಾವಿರ ರೂಪಾಯಿಯಲ್ಲಿ ಆಗುತ್ತದೆ. ಇದರಲ್ಲಿ ದೊಡ್ಡ ಪಾಲು ಎರಡು ಇನ್‌ಪುಟ್‌ಗಳ, 24 ಬಿಟ್‌ನ ಇಂಟರ್‌ಫೇಸಿಗೆ ಹೋಗಬೇಕು. ಮೈಕಿನ ಆಯ್ಕೆಯಲ್ಲಿ ಆಸೆ ಬೇಡ. ಕಂಡೆನ್ಸರ್ ಮೈಕು ಸೂಕ್ಷ್ಮ. 48 ವೋಲ್ಟಿನ ಫ್ಯಾಂಟಮ್ ಪವರ್ ಪಡೆದು ಹಾಡುವವರ ಉಸಿರನ್ನೂ ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ ಒಂದೇ ಶ್ರದ್ಧೆಯಿಂದ ಹಿಡಿಯುತ್ತದೆ. ಸದ್ದಿನ ಓಣಿಯಲ್ಲಿ ಡೈನಮಿಕ್ ಮೈಕೇ ವಾಸಿ. 1966ರಲ್ಲೇ ಬಂದ ಶೂರ್ ಎಸ್ಎಂ58 ಈಗಲೂ ಅದರ ಮಾದರಿ. ಅದಕ್ಕಿಂತ ಅಗ್ಗದವೂ ಇವೆ. ಬಾಯಿಯಿಂದ ಒಂದು ಗೇಣಿನೊಳಗೆ ಮೈಕಿಟ್ಟು, ನಡುವೆ ಪಾಪ್ ಫಿಲ್ಟರ್ ನಿಲ್ಲಿಸಿದರೆ ‘ಪ’, ‘ಬ’ಗಳ ಗಾಳಿ ಬಡಿಯುವುದಿಲ್ಲ.

ಕೀಬೋರ್ಡಿಗೆ ಮೈಕು ಹಿಡಿಯುವುದು ವ್ಯರ್ಥ. ಅದರ ಲೈನ್ ಔಟ್‌ನಿಂದ ಎಡ, ಬಲ ಎರಡು ಕೇಬಲ್ ಎಳೆದು ಇಂಟರ್‌ಫೇಸಿಗೆ ಕೊಡಬೇಕು. ಲೈನ್ ಔಟ್ ಇಲ್ಲದಿದ್ದರೆ ಹೆಡ್‌ಫೋನ್ ಜ್ಯಾಕಿನಿಂದ. ಯು.ಎಸ್.ಬಿ. ಕೇಬಲ್ಲಿನಲ್ಲಿ ಮಿಡಿ ಕಳಿಸಿದರೆ ದಾಖಲಾಗುವುದು ಸದ್ದಲ್ಲ. ಯಾವ ಕೀ, ಎಷ್ಟು ಹೊತ್ತು, ಎಷ್ಟು ಜೋರು ಎಂಬ ವಿವರ. ತಪ್ಪಿದ ಒಂದು ಸ್ವರವನ್ನು ಆಮೇಲೆ ತಿದ್ದಬಹುದು.

ಎರಡೇ ಇನ್‌ಪುಟ್ ಇರುವುದರಿಂದ ಕೀಬೋರ್ಡೂ ಹಾಡೂ ಬೇರೆಬೇರೆಯಾಗಿ ಮುದ್ರಣವಾಗಬೇಕು. ಪುಸ್ತಕಗಳು ಹೇಳುವ ಕ್ರಮ, ಮೆಟ್ರೊನೋಮ್ ಇಟ್ಟುಕೊಂಡು ಮೊದಲು ಕೀಬೋರ್ಡ್, ಆಮೇಲೆ ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ಹಾಡು. ಸಿನಿಮಾ ಹಾಡಿಗೆ ಇದು ಸರಿ. ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಸರಿಹೋಗದು. ಅಲ್ಲಿ ಪದ ಮುಂದೆ, ಪೇಟಿ ಹಿಂದೆ. ಹಾಡುವವರು ಒಂದು ಮಾತಿನ ಮೇಲೆ ನಿಂತರೆ ಪೇಟಿಯೂ ನಿಲ್ಲುತ್ತದೆ. ಹಾಗಾಗಿ ಕೀಬೋರ್ಡಿನಲ್ಲಿ ಶ್ರುತಿಯನ್ನಷ್ಟೇ ಒತ್ತಿಹಿಡಿದು ಮೊದಲು ಹಾಡನ್ನು ಮುದ್ರಿಸಿ, ಆಮೇಲೆ ಅದರ ಬೆನ್ನುಹತ್ತಿ ನುಡಿಸುವುದು ಮೇಲು. ಗಂಡಸಿನ ಶ್ರುತಿಯಿಂದ ಹೆಂಗಸಿನ ಶ್ರುತಿಗೆ ಏರಲು ಟ್ರಾನ್ಸ್‌ಪೋಸ್ ಗುಂಡಿ ಇದ್ದೇ ಇದೆ.

ಏರುದನಿಯ ರೆಕಾರ್ಡಿಂಗ್ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಸೊನ್ನೆ ದಾಟಿದರೆ ದನಿ ಒಡೆಯುತ್ತದೆ. ತನ್ನ ದನಿ ತನಗೇ ತಡವಾಗಿ ಕೇಳಿಸಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಒತ್ತಬೇಕು. ಮಿಡಿ ಬೇಡವಾದರೆ ಅಡಾಸಿಟಿಯಂಥ ಉಚಿತ ಸಾಫ್ಟ್‌ವೇರೇ ಆರಂಭಕ್ಕೆ ಸಾಕು.

ಇನ್ನು ಹೊತ್ತು. ಬೇಸಿಗೆಯಲ್ಲಿ ಫ್ಯಾನು, ಕೂಲರು ಬಂದ್ ಮಾಡದೆ ಹಾಡು ಆಗದು. ಬಂದ್ ಮಾಡಿದರೆ ಕೋಣೆಯಲ್ಲಿ ಕೂರಲಾಗದು. ಎರಡು ಹಾಡಿಗೊಮ್ಮೆ ಬಾಗಿಲು ತೆರೆಯುವುದೇ ದಾರಿ. ಕಮಲಾಪುರದ ಕಡೆ ಕೆಂಪು ಬಾಳೆಯ ತೋಟಗಳಿವೆ. ತೋಟಕ್ಕೆ ತ್ರೀ ಫೇಸ್ ಕರೆಂಟು ಬಂದೊಡನೆ ಪಂಪ್‌ಸೆಟ್ಟುಗಳ ಗುಂಯ್ ಶುರು. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯ ಮೇಲೆ ಓಡಿಸಿದರೆ ತಂತಿಯಲ್ಲಿ ಬರುವ 50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ ಬಹಳ ಸಲ ನಿಲ್ಲುತ್ತದೆ. ತೋಟದ್ದು ನಿಲ್ಲುವುದಿಲ್ಲ. ಶಬ್ದಮಾಲಿನ್ಯದ 2000ದ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದು. ಜನ ಮಾಳಿಗೆ ಮೇಲೆ ಮಲಗಿ, ಓಣಿಯ ಸದ್ದಡಗಿದ ಆ ಹೊತ್ತೇ ಮನೆಯ ಸ್ಟುಡಿಯೊದ ಕೆಲಸದ ಹೊತ್ತು.

ಚಳಿಗಾಲದ ರಾತ್ರಿಗಳು ಇನ್ನೂ ನಿಶ್ಶಬ್ದ. ಕೂಲರಿಲ್ಲ, ಫ್ಯಾನಿಲ್ಲ. ಆದರೆ ಆ ತಿಂಗಳುಗಳಲ್ಲಿ ಮಕ್ಕಳಿಗೆ, ಮುದುಕರಿಗೆ ಹೊದೆಯಲು ಕೌದಿ ಬೇಕು. ಹೊಸದು ಹೊಲಿಯುವ ಕೈಗಳು ಓಣಿಯಲ್ಲಿ ಕಡಿಮೆಯಾಗಿವೆ. ಹಗ್ಗದ ಮೇಲಿದ್ದ ಕೌದಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ, ಫರಸಿಯ ಕೋಣೆ ಮತ್ತೆ ಝಣಝಣ ಎನ್ನುತ್ತದೆ.